ವಿಜಯಪುರದಿಂದ ತದಡಿಗೆ: ಮೀನಿನ ಹೊತ್ತಿಗೆ ತಲುಪುವುದು ಹೇಗೆ

ಮೊದಲ ಸಲ ನಾವು ಉತ್ತರ ಕನ್ನಡದ ತದಡಿ ಮೀನು ಬಂದರಿಗೆ ಕಾಲಿಟ್ಟಾಗ ಹೊತ್ತು ಹನ್ನೊಂದೂವರೆ. ಎರಡು ನಾಯಿ ನೆರಳಲ್ಲಿ ಮಲಗಿದ್ದವು. ಒಬ್ಬ ಅಜ್ಜ ಬಲೆಯ ಹರಕು ಕಟ್ಟುತ್ತಿದ್ದರು. ನಮ್ಮವರು ಹೋಗಿ, "ಅಜ್ಜಾರ, ಮೀನ ಎಲ್ಲಿ ಅದಾವ್ರಿ?" ಅಂತ ಕೇಳಿದರು. ಅಜ್ಜ ತಲೆ ಎತ್ತಲೂ ಇಲ್ಲ. "ಮೀನು ಕುಮಟಾ ದಾಟಿ ಹೋಯ್ತು, ನೀವು ಈಗ ಬಂದ್ರಿ" ಅಂದರು.

ಎರಡನೇ ಸಲ ಜೂನ್ ಮೊದಲ ವಾರ. ಕುಮಟಾದಲ್ಲಿ ಒಂದು ಮದುವೆ ಇತ್ತು, ಅದರ ನೆಪದಲ್ಲಿ ಹೋದೆವು. ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿದ್ದವು. ಮಳೆ, ಕೆಸರು, ಬೀಗ ಹಾಕಿದ ಅಂಗಡಿ. ಮೂರನೇ ಸಲಕ್ಕೆ ಬುದ್ಧಿ ಬಂತು. ಆ ಬುದ್ಧಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವಾದರೂ ಎರಡು ಸಲ ಸುಮ್ನೆ ಪೆಟ್ರೋಲ್ ಸುಡುವುದು ಬೇಡ.

ಮೀನುಗಾರರ ಊರು ನಮ್ಮ ಎಪಿಎಂಸಿ ಇದ್ದ ಹಾಗೆ. ನಮ್ಮ ಜಿಲ್ಲೆಯ ಇಂಡಿ ಊರಿನ ಲಿಂಬೆ ಮಾರುಕಟ್ಟೆಗೆ ಮಧ್ಯಾಹ್ನ ಮೂರಕ್ಕೆ ಹೋಗಿ "ಸವಾಲು (ಹರಾಜು) ಎಲ್ಲಿ?" ಅಂದರೆ ಜನ ನಗುವುದಿಲ್ಲವೇ? ಇಲ್ಲೂ ಹಾಗೇ. ಹೊರಡುವ ತಿಂಗಳು, ಮಲಗುವ ಊರು, ಏಳುವ ಗಂಟೆ ಎಲ್ಲವನ್ನೂ ಬೋಟು ಬರುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಮೊದಲು ತಿಂಗಳು ಗೊತ್ತು ಮಾಡಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನು ಮರಿ ಮಾಡುವ ಕಾಲ ಅದು. ಕಡಲೂ ಆಗ ಒರಟು. ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಇದೆ, ಆದರೆ ಬಂದರಿನ ಗದ್ದಲ ಇರುವುದಿಲ್ಲ. ಆಗಸ್ಟ್‌ನಲ್ಲಿ ಬೋಟುಗಳು ಇಳಿಯುತ್ತವೆ, ಮಳೆ ಮಾತ್ರ ಬಿಟ್ಟಿರುವುದಿಲ್ಲ. ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡುತ್ತಾರೆ. ಅದನ್ನು ನೋಡುವ ಆಸೆ ಇದ್ದರೆ ಕೊಡೆ ಹಿಡಿದು ಹೋಗಿ. ನನ್ನ ಮಾತು ಕೇಳಿದರೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಬೆಳಿಗ್ಗೆ ತಂಪು, ರಸ್ತೆ ಒಣ, ಮೀನು ಜಾಸ್ತಿ.

ಮಳೆಗಾಲ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಅಲ್ಲಿದ್ದ ಚಹಾದಂಗಡಿ, ಲಾರಿ ಎಲ್ಲವೂ ಗಂಗಾವಳಿ ನದಿಯ ಪಾಲಾದವು. ತದಡಿಗೆ ಹೋಗುವಾಗ ಅದೇ ಜಾಗದ ಮೇಲೆ ಹಾದು ಹೋಗುತ್ತೀರಿ. ಜೋರು ಮಳೆಯ ವಾರದಲ್ಲಿ ಮನೆಯಲ್ಲೇ ಮಿರ್ಚಿ ಭಜಿ ಮಾಡಿಕೊಂಡು ತಿನ್ನುವುದು ವಾಸಿ.

ದಿನ ನೋಡುವಾಗ ಪಂಚಾಂಗವನ್ನೂ ಒಮ್ಮೆ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕಡಲಿನ ಉಬ್ಬರ ಇಳಿತ ಎರಡೂ ಜೋರು. ಇಳಿತ ಆದಾಗ ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ, ತಳ ತೆರೆದುಕೊಳ್ಳುತ್ತದೆ. ಆಗ ಜನ ನೀರಿಗಿಳಿದು ಬಳಚು, ಅಂದರೆ ಚಿಪ್ಪಿ ಆರಿಸುವುದು ಕಾಣಸಿಗುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತಿರುತ್ತದೆ. ಫೋನಿನಲ್ಲಿ ಕಾರವಾರದ ಉಬ್ಬರ ಇಳಿತದ ಸಮಯ ಹುಡುಕಿ ಬರೆದಿಟ್ಟುಕೊಳ್ಳಿ.

ರಸ್ತೆ

ವಿಜಯಪುರದವರಿಗೆ ಒಂದು ಅನುಕೂಲ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮೂರಿನ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗ್ರೂರಿನಲ್ಲಿ ಹುಟ್ಟಿ ಅಂಕೋಲಾದಲ್ಲಿ ಮುಗಿಯುತ್ತದೆ. ಹಿಡಿದ ರಸ್ತೆ ಬಿಡದೆ ಹೋದರೆ ಕಡಲು ಸಿಗುತ್ತದೆ, ಅಷ್ಟೇ. ಕೊಲ್ಹಾರ, ಗದ್ದನಕೇರಿ, ಕೆರೂರು, ಕುಳಗೇರಿ, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅಂಕೋಲಾ. ಬಾಗಲಕೋಟೆಯವರು ಗದ್ದನಕೇರಿ ಕ್ರಾಸಿನಲ್ಲಿ ಸೇರಿಕೊಳ್ಳಬಹುದು. ಬೆಳಗಾವಿಯವರು ಧಾರವಾಡಕ್ಕೆ ಬಂದು ಯಲ್ಲಾಪುರದ ದಾರಿ ಹಿಡಿದರೆ ಸಾಕು. ಅವರಿಗೆ ನಮಗಿಂತ ನೂರು ಕಿಲೋಮೀಟರ್ ಕಡಿಮೆ, ಹಾಗಾಗಿ ಅವರ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಲೆಕ್ಕ ಹೀಗಿದೆ. ವಿಜಯಪುರದಿಂದ ಹುಬ್ಬಳ್ಳಿಗೆ ಸುಮಾರು 195 ಕಿ.ಮೀ., ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಸುಮಾರು 140, ಅಲ್ಲಿಂದ ತದಡಿಗೆ ಇನ್ನೊಂದು ಮೂವತ್ತರ ಆಸುಪಾಸು. ಮಕ್ಕಳು, ವಯಸ್ಸಾದವರು ಇದ್ದರೆ ಊಟ ಚಹಾ ಸೇರಿ ಒಂಬತ್ತು ತಾಸು ಹಿಡಿಯಿರಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಮೂರಕ್ಕೆ ಅಲ್ಲಿರುತ್ತೀರಿ. ರಾತ್ರಿ ಹೊರಟು ನಸುಕಿಗೆ ತಲುಪುವ ಯೋಚನೆ ಬೇಡ. ನಮ್ಮವರಿಗೆ ಆ ಹುಮ್ಮಸ್ಸು ಇತ್ತು, ಆದರೆ ಗಾಡಿ ಓಡಿಸುವವಳು ನಾನು.

ಮಕ್ಕಳಿಗೆ ಹೊತ್ತು ಹೋಗಲು ನದಿ ಎಣಿಸುವ ಆಟ ಕೊಡಿ. ಕೊಲ್ಹಾರದ ಉದ್ದನೆಯ ಸೇತುವೆಯ ಮೇಲೆ ಕೃಷ್ಣೆ, ಅನಗವಾಡಿ ಹತ್ತಿರ ಘಟಪ್ರಭೆ, ಕೊಣ್ಣೂರು ಹತ್ತಿರ ಮಲಪ್ರಭೆ. ಮೂರೂ ಪೂರ್ವಕ್ಕೆ ಹೋಗುವ ನೀರು. ನಾವು ಪಶ್ಚಿಮಕ್ಕೆ ಹೋಗುತ್ತಿದ್ದರೆ ಅವು ನಮಗೆ ಬೆನ್ನು ಹಾಕಿ ಹೋಗುತ್ತವೆ. ಹುಬ್ಬಳ್ಳಿ ದಾಟಿದ ಮೇಲೆ ಆಟ ತಿರುಗುತ್ತದೆ. ಕಲಘಟಗಿ ಕಡೆಯ ಬೇಡ್ತಿ ಹಳ್ಳ ನಮ್ಮ ಜೊತೆಗೇ ಪಶ್ಚಿಮಕ್ಕೆ ಹೊರಡುತ್ತದೆ. ನಡುವೆ ಕಾಡಿನಲ್ಲಿ ಮಾಯವಾಗಿ ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದ ಮೇಲೆ ಗಂಗಾವಳಿ ಅನ್ನುವ ಹೆಸರಿನಲ್ಲಿ ರಸ್ತೆಯ ಪಕ್ಕ ಮತ್ತೆ ಸಿಗುತ್ತದೆ. ನನ್ನ ಮಗ ಅದನ್ನು ನೋಡಿ "ಅವ್ವಾ, ಇದು ಹೆಸರು ಬದಲಿ ಮಾಡ್ಕೊಂಡು ಬಂದೈತಿ" ಅಂದ.

ಬೆಳಗಿನ ತಿಂಡಿಗೆ ಬುತ್ತಿ ಕಟ್ಟಿಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಜೊತೆಗೆ ಒಂದಿಪ್ಪತ್ತು ಇಂಡಿ ಲಿಂಬೆಹಣ್ಣು. ಲಿಂಬೆ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಹುಬ್ಬಳ್ಳಿಯಲ್ಲಿ ಪೆಟ್ರೋಲ್ ತುಂಬಿಸಿ, ಗಾಳಿ ನೋಡಿಸಿ, ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯೋ ನೋಡಿ. ಯಲ್ಲಾಪುರದ ನಂತರ ಕಾಡಿನಲ್ಲಿ ಫೋನಿನ ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತದೆ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಅರಬೈಲ್ ಘಟ್ಟ, ಬಯಲುಸೀಮೆಯವರಿಗಾಗಿ

ನಮ್ಮ ಕಡೆ ರಸ್ತೆ ಅಂದರೆ ರೂಲಿನಿಂದ ಗೆರೆ ಎಳೆದ ಹಾಗೆ. ಎದುರಿನ ಗಾಡಿ ಎರಡು ಕಿಲೋಮೀಟರ್ ದೂರದಿಂದ ಕಾಣುತ್ತದೆ. ಹತ್ತು ವರ್ಷ ಗಾಡಿ ಓಡಿಸಿದವರೂ ಘಟ್ಟದಲ್ಲಿ ತಪ್ಪು ಮಾಡುವುದು ಈ ಅಭ್ಯಾಸದಿಂದಲೇ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಶುರುವಾಗುತ್ತದೆ. ರಸ್ತೆ ಅಗಲವಾಗಿಯೇ ಇದೆ, ಭಯ ಬೇಡ. ಆದರೆ ಲಾರಿಗಳು ಜಾಸ್ತಿ.

ಇಳಿಯುವಾಗ ಬ್ರೇಕ್ ಒತ್ತಿ ಹಿಡಿದುಕೊಂಡೇ ಹೋಗಬೇಡಿ. ಬ್ರೇಕ್ ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ, ಸುಟ್ಟ ವಾಸನೆ ಬರುತ್ತದೆ. ಎರಡನೇ ಗೇರಿಗೆ ಹಾಕಿ, ಕಡಿದಾದ ಇಳಿಜಾರು ಮುಗಿಯುವವರೆಗೆ ಎಂಜಿನ್ನೇ ಗಾಡಿಯನ್ನು ತಡೆಯಲಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಜಾಣತನ ಇಲ್ಲಿ ಜೀವಕ್ಕೆ ಕುತ್ತು. ತಿರುವಿನಲ್ಲಿ ಓವರ್‌ಟೇಕ್ ಬೇಡವೇ ಬೇಡ. ಹತ್ತುವ ಗಾಡಿಗೆ ದಾರಿ ಬಿಡಿ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ಹೊತ್ತು ಹೊರಟ ಲಾರಿ ಯಲ್ಲಾಪುರದ ಹತ್ತಿರ ನಸುಕಿನಲ್ಲಿ ಉರುಳಿ ಹತ್ತು ಜನ ಸತ್ತರು. ಎಲ್ಲರೂ ದುಡಿಯಲು ಹೊರಟವರು. ಆ ದಾರಿ ಪರಿಚಯ ಇದ್ದವರಿಗೇ ಹಾಗಾಗುತ್ತದೆ ಅಂದಮೇಲೆ ನಮಗೆ ಹಗಲೇ ಸರಿ. ವಾಂತಿ ಬರುವವರನ್ನು ಮುಂದೆ ಕೂರಿಸಿ, ಕೈಗೊಂದು ಲಿಂಬೆಹಣ್ಣು ಕೊಡಿ.

ಮಾಗೋಡು, ಸಾತೊಡ್ಡಿ ಅಂತ ಜಲಪಾತದ ಬೋರ್ಡ್‌ಗಳು ಕರೆಯುತ್ತವೆ. ಹೋಗಬೇಡಿ. ಅವಕ್ಕೆ ಇನ್ನೊಂದು ಪ್ರಯಾಣ ಇಡಿ.

ಎಲ್ಲಿ ಮಲಗಬೇಕು

ತದಡಿಯಲ್ಲಿ ಹೋಟೆಲು ಹುಡುಕುತ್ತಾ ಕೂರಬೇಡಿ. ಹತ್ತು ಕಿಲೋಮೀಟರ್ ಒಳಗೇ ಗೋಕರ್ಣ ಇದೆ, ಅಲ್ಲೇ ರೂಮ್ ಮಾಡಿ. ಅಂಕೋಲಾದಿಂದ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಬಂದು ಮಾದನಗೇರಿಯಲ್ಲಿ ಬಲಕ್ಕೆ ತಿರುಗಿದರೆ ಗೋಕರ್ಣದ ದಾರಿ. ಶನಿವಾರ ಭಾನುವಾರ, ಶಿವರಾತ್ರಿ ಹೊತ್ತಿನಲ್ಲಿ ರೂಮಿನ ದರ ಆಕಾಶಕ್ಕೇರುತ್ತದೆ. ಆಗುವುದಾದರೆ ವಾರದ ನಡುವೆ ಹೋಗಿ.

ಗೋಕರ್ಣಕ್ಕೆ ಇನ್ನೊಂದು ಕಾರಣ ನಮ್ಮತ್ತೆ. ಅವರು ಮೀನು ತಿನ್ನುವುದಿಲ್ಲ, ಮೀನು ಬೇಯಿಸಿದ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ನಮ್ಮ ಕಡೆಯ ಅರ್ಧ ಕಾರುಗಳಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ, ಅಲ್ವಾ? ಗೋಕರ್ಣ ದೇವರ ಊರು, ಸಸ್ಯಾಹಾರಿ ಊಟದ ಮನೆಗಳಿಗೆ ಕೊರತೆ ಇಲ್ಲ. ಅಪ್ಪೆಹುಳಿ, ತಂಬುಳಿ ಸಿಕ್ಕರೆ ಬಿಡಬೇಡಿ. ಒಂದೇ ಹೊತ್ತಿಗೆ ಎರಡು ಕಡೆ ಊಟ ಅಂತ ಮೊದಲೇ ಮಾತಾಡಿಕೊಂಡರೆ ಯಾರಿಗೂ ಮುಜುಗರ ಇಲ್ಲ.

ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ ಬರುತ್ತದೆ. ಅಳಿವೆಯ ಉಪ್ಪುನೀರನ್ನು ಮಡಿಗಳಿಗೆ ಬಿಟ್ಟು ಬಿಸಿಲಿಗೆ ಆರಿಸುತ್ತಾರೆ. ಬೇಸಿಗೆಯ ಕಡೆ ಹೋದರೆ ಬಿಳಿ ಗುಡ್ಡೆಗಳು ಕಾಣುತ್ತವೆ. ಅತ್ತೆ ಕಾರು ನಿಲ್ಲಿಸಿ, ಮಡಿಗಳನ್ನು ನೋಡಿ, "ಗೋದಿ ಮಡಿ ಹಂಗ ಕಟ್ಯಾರಲ್ಲವ್ವಾ" ಅಂದರು. ತದಡಿಯಲ್ಲಿ ಕಡಲು ಸೇರುವ ಅಘನಾಶಿನಿ ನದಿಯ ದಂಡೆಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ಅದು ಸಾಯುವುದಿಲ್ಲ. ಸವುಳು ಆಯ್ತು ಅಂತ ಹೊಲ ಬಿಟ್ಟು ಕೂತ ನಮ್ಮ ಕಾಲುವೆ ಸೀಮೆಯ ರೈತರಿಗೆ ಇದನ್ನು ಹೇಳಿದರೆ ನಂಬುವುದು ಕಷ್ಟ.

ರಾತ್ರಿ ಮಲಗುವ ಮುಂಚೆ ಒಂದು ಕೆಲಸ ಮಾಡಿ. ರೂಮಿನವರನ್ನೋ ಆಟೋದವರನ್ನೋ "ನಾಳೆ ತದಡಿಗೆ ಬೋಟ್ ಎಷ್ಟೊತ್ತಿಗೆ ಬರ್ತದೆ?" ಅಂತ ಕೇಳಿ. ಹಬ್ಬ, ಗಾಳಿ, ಊರಿನಲ್ಲಿ ಸಾವು ಯಾವುದೇ ಇದ್ದರೂ ಬೋಟು ನಿಲ್ಲುತ್ತದೆ. ಅದು ಫೋನಿನಲ್ಲಿ ಸಿಗುವ ಮಾಹಿತಿ ಅಲ್ಲ.

ಬಂದರಿನಲ್ಲಿ

ಐದಕ್ಕೆ ಎದ್ದು, ಐದೂವರೆಗೆ ಹೊರಟು, ಬೆಳಕು ಹರಿಯುವಾಗ ಅಲ್ಲಿರಿ. ತದಡಿ ಬಂದರು ನೇರ ಕಡಲಿಗಿಲ್ಲ. ಅಘನಾಶಿನಿ ನದಿ ಕಡಲು ಸೇರುವ ಬಾಯಿಯ ಒಳಗೆ, ಉತ್ತರ ದಂಡೆಯಲ್ಲಿದೆ. ಅದಕ್ಕೇ ನೀರು ಶಾಂತ. ಎದುರು ದಂಡೆಯಲ್ಲಿ ಅಘನಾಶಿನಿ ಅನ್ನುವ ಹಳ್ಳಿ, ಅದರ ಹಿಂದೆ ಹಸಿರು ಗುಡ್ಡ. ಮಂಜಿನಲ್ಲಿ ಮೊದಲು ಬೋಟಿನ ಡುಬು ಡುಬು ಕೇಳುತ್ತದೆ, ಆಮೇಲೆ ಬಣ್ಣ ಕಾಣುತ್ತದೆ.

ಶಿರಸಿ ಕಡೆ ಹುಟ್ಟುವ ಈ ನದಿಗೆ ಉದ್ದಕ್ಕೂ ದೊಡ್ಡ ಅಣೆಕಟ್ಟು ಇಲ್ಲ. ಆಲಮಟ್ಟಿ ನೋಡಿ ಬೆಳೆದ ನಮಗೆ ಅದೇ ಒಂದು ಸೋಜಿಗ. ತಡೆ ಇಲ್ಲದೆ ಬರುವ ಸಿಹಿನೀರು, ಮಣ್ಣು, ಮೇಲಕ್ಕೆ ನುಗ್ಗುವ ಉಪ್ಪುನೀರು, ದಂಡೆಯ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡ ಎಲ್ಲ ಸೇರಿ ಇದು ಮೀನು, ಸಿಗಡಿ, ಚಿಪ್ಪಿಗಳ ತೊಟ್ಟಿಲು. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ಪ್ರದೇಶ, ಅನ್ನುವ ಮಾನ್ಯತೆ ಸಿಕ್ಕಿತು. ಅದೇ ವರ್ಷ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಸಿಕ್ಕಿತು ಅನ್ನುವುದು ಸಣ್ಣ ಹೆಮ್ಮೆ.

ಈಗ ನಡೆದುಕೊಳ್ಳುವ ರೀತಿ. ಕಾರನ್ನು ದೂರ ನಿಲ್ಲಿಸಿ, ಐಸ್ ಲಾರಿಗಳ ದಾರಿಗೆ ಅಡ್ಡ ಬೇಡ. ಜಾರುವ ಚಪ್ಪಲಿ ಬೇಡ, ನೆಲದ ಮೇಲೆ ಮೀನಿನ ಲೋಳೆ ಇರುತ್ತದೆ. ಮಕ್ಕಳ ಕೈ ಬಿಡಬೇಡಿ. ಹರಡಿದ ಬಲೆ ದಾಟಿ ಹೋಗಬೇಡಿ, ಸುತ್ತಿ ಹೋಗಿ. ನಮ್ಮ ಕಣದಲ್ಲಿ ರಾಶಿಯ ಮೇಲೆ ಯಾರಾದರೂ ಚಪ್ಪಲಿ ಹಾಕಿಕೊಂಡು ನಡೆದರೆ ನಮಗೆ ಹೇಗಾಗುತ್ತದೋ ಹಾಗೆ. ಒಣಮೀನಿನ ಹತ್ತಿರ ಮೂಗು ಮುಚ್ಚಿಕೊಳ್ಳುವುದನ್ನು ಆದಷ್ಟು ತಡೆದುಕೊಳ್ಳಿ. ಫೋಟೊ ಬೇಕಾದರೆ ಮೊದಲು ಕೇಳಿ. ಕೇಳಿದರೆ ಬಹಳ ಜನ ಬೇಡ ಅನ್ನುವುದಿಲ್ಲ. ಕೇಳದೆ ಫೋನು ಹಿಡಿದ ನನಗೆ ಒಬ್ಬಾಕೆ, "ಮೀನು ತಕಣ್ತೀಯೋ, ಬರೀ ಫೋಟೊ ತಕಣ್ತೀಯೋ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ.

ಸವಾಲು ನಡೆಯುವಾಗ ನಡುವೆ ಬಾಯಿ ಹಾಕಬೇಡಿ. ಅದು ವ್ಯಾಪಾರಿಗಳ ಲೆಕ್ಕ. ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಹೋಗಿ. "ಅಕ್ಕಾ" ಅಂದರೆ ಸಾಕು. ಹೆಸರು ಗೊತ್ತಿದ್ದರೆ ಬೆಲೆ ಕೇಳುವುದು ಸುಲಭ. ಬಂಗುಡೆ ಉದ್ದಕ್ಕೆ ಗೆರೆ ಇರುವ ಮೀನು. ತಾರ್ಲೆ ಸಣ್ಣದು, ಬೆಳ್ಳಗೆ, ಅಗ್ಗ. ಇಸ್ವಾಣ ದೊಡ್ಡದು, ತುಂಡು ಮಾಡಿ ಕೊಡುತ್ತಾರೆ. ಶೆಟ್ಲಿ ಅಂದರೆ ಸಿಗಡಿ. ಮೊದಲ ಸಲ ಮೀನು ಬೇಯಿಸುವವರು ಬಂಗುಡೆ ತಗೊಳ್ಳಿ. ಮುಳ್ಳು ಕಡಿಮೆ, ಅಡುಗೆ ಕೆಡಿಸುವುದು ಕಷ್ಟ.

ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ, ಒಳಗೆ ಗುಳಿ ಬಿದ್ದಿರುವುದಿಲ್ಲ. ಕಿವಿರು ಎತ್ತಿ ನೋಡಿದರೆ ಕೆಂಪಗೆ ಇರುತ್ತದೆ. ಬೆರಳಿನಿಂದ ಒತ್ತಿದರೆ ಕುಣಿ ನಿಲ್ಲುವುದಿಲ್ಲ. ವಾಸನೆ ಕಡಲಿನದ್ದಿರಬೇಕು, ಮೀನಿನದ್ದಲ್ಲ. ಇದು ನನಗೆ ಹೇಳಿಕೊಟ್ಟದ್ದು ಫೋಟೊ ವಿಷಯಕ್ಕೆ ಜಗಳಾಡಿದ ಅಕ್ಕನೇ. ಕಾರಿನ ಬಾಗಿಲು ತೆರೆದುಕೊಂಡು ಕೂತಿದ್ದ ಅತ್ತೆ ಅಷ್ಟರಲ್ಲಿ ಆಕೆಯ ಮಗಳನ್ನು ಕರೆದು ಶೇಂಗಾ ಹೋಳಿಗೆ ಕೊಟ್ಟು ಮಾತಿಗೆ ಕೂರಿಸಿಕೊಂಡಿದ್ದರು. "ಇಷ್ಟ ನೀರ ಐತಿ, ಕುಡ್ಯಾಕ ಬರಂಗಿಲ್ಲಂದ್ರ ಎಂಥಾ ಅನ್ಯಾಯ ನೋಡವ್ವಾ!" ಆ ಹುಡುಗಿ ಜೋರಾಗಿ ನಕ್ಕಳು. ನಾನು ಎಂಟು ಲಿಂಬೆಹಣ್ಣು ಅಕ್ಕನ ಮಡಿಲಿಗೆ ಹಾಕಿದೆ. ಬುಟ್ಟಿಯಿಂದ ಎರಡು ಬಂಗುಡೆ ಜಾಸ್ತಿ ಬಂದವು.

ಆಚೆ ದಂಡೆ

ತದಡಿಯಿಂದ ಅಘನಾಶಿನಿಗೆ ದೋಣಿ ದಾಟಿಸುತ್ತಾರೆ. ಜನ, ಬೈಕು ಎಲ್ಲ ಅದರಲ್ಲೇ. ಕಾರು ಇಲ್ಲೇ ಬಿಟ್ಟು ಹೋಗಿ ಬನ್ನಿ. ದಾಟುವುದು ಕೆಲವೇ ನಿಮಿಷ, ಆದರೆ ಬಂದರಿನ ಪೂರ್ತಿ ನೋಟ ಸಿಗುವುದು ಆ ನೀರಿನ ನಡುವೆ ಮಾತ್ರ. ಇಳಿತದ ಹೊತ್ತಾದರೆ ಸೊಂಟದ ನೀರಿನಲ್ಲಿ ನಿಂತು, ಕಾಲಿನಿಂದ ತಡವಿ ಬಳಚು ಹುಡುಕುವವರನ್ನು ನೋಡುತ್ತೀರಿ. ಅದು ಆಟವಲ್ಲ, ದಿನಗೂಲಿ. ನೀವೂ ಇಳಿದು ಪ್ರಯತ್ನಿಸಬೇಡಿ, ಚಿಪ್ಪಿಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ನದಿ ಬಾಯಿಯಲ್ಲಿ ಈಜುವುದಂತೂ ಬೇಡ. ಮೇಲೆ ಶಾಂತವಾಗಿ ಕಂಡರೂ ಇಳಿತದ ಸೆಳೆತ ಕಡಲಿಗೆ ಎಳೆಯುತ್ತದೆ. ಕೆರೆ ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಇದನ್ನು ಎರಡು ಸಲ ಹೇಳಿ.

ಹಸಿವಾದರೆ ಸಣ್ಣ ಖಾನಾವಳಿಯಲ್ಲಿ ಮೀನೂಟ ಮಾಡಿ. ಕೆಂಪು ಕುಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಸಾರು, ಅದರಲ್ಲಿ ಜುಮ್ಮನಕಾಯಿ ಅನ್ನುವ ಮಸಾಲೆಯ ಘಾಟು. ನಾಲಿಗೆ ಜುಮ್ ಅನ್ನುತ್ತದೆ, ಕೆಟ್ಟಿದೆ ಅಂತ ತಟ್ಟೆ ದೂಡಬೇಡಿ. ನಮ್ಮ ಖಾರಕ್ಕೆ ಹೋಲಿಸಿದರೆ ಸಪ್ಪೆ ಅನಿಸಬಹುದು. ಬುತ್ತಿಯ ರೊಟ್ಟಿಯನ್ನು ಆ ಸಾರಿನಲ್ಲಿ ಅದ್ದಿ ನೋಡಿ, ಆಮೇಲೆ ಮಾತಾಡೋಣ.

ಮೀನು ಮನೆ ಮುಟ್ಟಿಸುವುದು

ಒಂಬತ್ತು ತಾಸಿನ ದಾರಿ, ಕೊನೆಯ ನಾಲ್ಕು ತಾಸು ನಮ್ಮ ಬಿಸಿಲು. ಹಾಗಾಗಿ ಮೀನನ್ನು ಹೊರಡುವ ದಿನವೇ ತಗೊಳ್ಳಿ. ಅಲ್ಲೇ ಹೊಟ್ಟೆ, ಕಿವಿರು ತೆಗೆಸಿ, ಮೊದಲು ಕೆಡುವುದು ಅವೇ. ಮುಚ್ಚಳ ಗಟ್ಟಿ ಇರುವ ಥರ್ಮಾಕೋಲ್ ಡಬ್ಬಿ, ಮೀನಿನ ತೂಕದಷ್ಟೇ ಪುಡಿ ಐಸ್. ಕೆಳಗೊಂದು ಪದರ ಐಸ್, ಮೇಲೆ ಮೀನು, ಮತ್ತೆ ಐಸ್. ಹುಬ್ಬಳ್ಳಿಯಲ್ಲಿ ಒಮ್ಮೆ ತೆರೆದು ಕರಗಿದ ನೀರು ಚೆಲ್ಲಿ, ಹೊಸ ಐಸ್ ತುಂಬಿ. ಮಧ್ಯಾಹ್ನದ ಒಳಗೆ ಹೊರಟರೆ ಘಟ್ಟವನ್ನು ಬೆಳಕಿನಲ್ಲೇ ಹತ್ತಬಹುದು.

ಡಬ್ಬಿಯ ಕೆಳಗೆ ದೊಡ್ಡ ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ಮರೆಯಬೇಡಿ. ನಾನು ಮರೆತಿದ್ದೆ. ಡಬ್ಬಿಯ ಮೂಲೆಯಲ್ಲಿ ಕೂದಲೆಳೆ ಸೀಳು ಇತ್ತು, ನವಲಗುಂದದ ಹೊತ್ತಿಗೆ ಡಿಕ್ಕಿಯ ಹಾಸು ಪೂರ್ತಿ ಒದ್ದೆ. ಗ್ಯಾರೇಜಿನವನು ಮೂಗು ಮುಚ್ಚಿಕೊಂಡು, "ಮೇಡಂ, ಇದನ್ನ ನೀವ ತೊಳ್ಕೊಳ್ರಿ" ಅಂದ. ಉಳಿದ ಲಿಂಬೆಹಣ್ಣು ಹೆಚ್ಚಿ, ಸಾಣಿಕಟ್ಟಾದ ಉಪ್ಪು ಸೇರಿಸಿ ಹಾಸು ಉಜ್ಜಿದೆ. ಡಿಕ್ಕಿ ತೆರೆದು ಎರಡು ದಿನ ಬಿಸಿಲಿಗೆ ಬಿಟ್ಟೆ. ನಮಗೆ ವಾಸನೆ ಹೋಯಿತು ಅನಿಸಿತು. ಓಣಿಯ ಬೆಕ್ಕು ಮಾತ್ರ ಇನ್ನೊಂದು ವಾರ ನಮ್ಮ ಕಾರಿನ ಕೆಳಗೇ ಮಲಗುತ್ತಿತ್ತು.